ಕಾಲಿಗೆ ಕೇಳಿ ನೆಲ ಹಾಕಿಸಿ

ಟೈಲ್ಸ್ ಅಂಗಡಿಯಲ್ಲಿ ನೆಲ ನಿಂತಿರುತ್ತದೆ. ಎರಡಡಿಗೆ ನಾಲ್ಕಡಿಯ ಹಾಳೆಗಳನ್ನು ಚೌಕಟ್ಟಿಗೆ ಸಿಕ್ಕಿಸಿ, ಮೇಲಿನಿಂದ ದೀಪ ಬಿಟ್ಟು, ಫಳಫಳ ಹೊಳೆಯುವಂತೆ ಒರೆಸಿ ಇಟ್ಟಿರುತ್ತಾರೆ. ನಾವು ಚಪ್ಪಲಿ ಮೆಟ್ಟಿಕೊಂಡೇ ಅದರೆದುರು ನಿಂತು, ತಲೆ ಓರೆ ಮಾಡಿ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದು ಮನೆಗೆ ಕಳಿಸಿ, ‘ಇದೇ ಇರಲಿ ಬಿಡಿ’ ಎನ್ನುತ್ತೇವೆ. ಮುಂದೆ ಇಪ್ಪತ್ತು ಮೂವತ್ತು ವರ್ಷ ಅದರ ಮೇಲೆ ಬರಿಗಾಲಲ್ಲಿ ಓಡಾಡುವವರು, ನೀರು ಚೆಲ್ಲುವವರು, ಬೇಸಿಗೆಯ ಮಧ್ಯಾಹ್ನ ದಿಂಬು ಹಾಕಿಕೊಂಡು ಉರುಳುವವರು ನಾವೇ. ಆದರೂ ಆಯ್ಕೆಯ ಹೊತ್ತಿನಲ್ಲಿ ಕಾಲನ್ನು ಯಾರೂ ವಿಚಾರಿಸುವುದಿಲ್ಲ. ಗೃಹಪ್ರವೇಶ ಕಳೆದು ಆರು ತಿಂಗಳಾದರೆ ಹಾಲ್‌ನ ನೆಲ ಯಾವ ಬಣ್ಣದ್ದೆಂದು ಮನೆಯವರ ಕಣ್ಣಿಗೇ ಬೀಳದು. ಅಲ್ಲಿಂದಾಚೆಗೆ ನೆಲದೊಡನೆ ನಮ್ಮ ವ್ಯವಹಾರವೆಲ್ಲ ಅಂಗಾಲು, ನೀರು, ದೂಳು ಮತ್ತು ಕಿವಿಯ ಮೂಲಕವೇ.

ಮೊದಲು ಅಂಗಾಲಿನ ಮಾತು. ಡಿಸೆಂಬರಿನ ಒಂದು ಬೆಳಗ್ಗೆ, ಬೆಂಗಳೂರಿನ ಮನೆ. ಹಾಲ್‌ಗೆ ಗ್ರಾನೈಟ್, ಪಕ್ಕದ ಕೋಣೆಗೆ ತೇಗದ ಹಲಗೆ ಹಾಸಿದೆ ಎಂದುಕೊಳ್ಳಿ. ಹಾಸಿಗೆಯಿಂದೆದ್ದು ಹಾಲ್‌ಗೆ ಕಾಲಿಟ್ಟರೆ ನೆಲ ಕೊರೆಯುತ್ತದೆ. ಹಲಗೆಯ ಮೇಲೆ ಹಾಗೇನೂ ಅನ್ನಿಸುವುದಿಲ್ಲ. ಥರ್ಮಾಮೀಟರ್ ಇಟ್ಟು ನೋಡಿದರೆ ಎರಡೂ ಒಂದೇ, 22 ಡಿಗ್ರಿ ಸೆಲ್ಸಿಯಸ್. ಕಾಲಿಗೆ ನೆಲದ ಉಷ್ಣತೆ ಅಳೆಯುವ ಸಾಮರ್ಥ್ಯವಿಲ್ಲ. ತನ್ನಿಂದ ಶಾಖ ಎಷ್ಟು ಬೇಗ ಸೋರಿಹೋಗುತ್ತಿದೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ.

ಈ ಸೋರಿಕೆಯನ್ನು ನಿರ್ಧರಿಸುವ ಗುಣಕ್ಕೆ ಭೌತವಿಜ್ಞಾನದಲ್ಲಿ ಥರ್ಮಲ್ ಎಫ್ಯೂಸಿವಿಟಿ ಎಂದು ಹೆಸರು. ವಸ್ತುವಿನ ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಅದು ಸಿಗುತ್ತದೆ. ಗ್ರಾನೈಟಿಗೆ ಸುಮಾರು 2,400, ತೇಗದಂಥ ಮರಕ್ಕೆ ಸುಮಾರು 400, ನಮ್ಮ ಚರ್ಮಕ್ಕೆ ಸುಮಾರು 1,200. ಚರ್ಮ ಮತ್ತು ನೆಲ ತಾಗಿದ ಕ್ಷಣದಲ್ಲಿ ಎರಡರ ನಡುವಿನ ಗಡಿಯ ಉಷ್ಣತೆ, ಯಾರ ಸಂಖ್ಯೆ ದೊಡ್ಡದೋ ಅವರ ಕಡೆಗೆ ವಾಲುತ್ತದೆ. ಅಂಗಾಲು 30 ಡಿಗ್ರಿಯಲ್ಲಿದ್ದರೆ, ಲೆಕ್ಕದ ಪ್ರಕಾರ ಗ್ರಾನೈಟ್ ತಾಗಿದ ಚರ್ಮ ಸುಮಾರು 25ಕ್ಕೆ ಇಳಿಯುತ್ತದೆ, ಮರ ತಾಗಿದ್ದು 28ರಲ್ಲೇ ನಿಲ್ಲುತ್ತದೆ. ವಿಟ್ರಿಫೈಡ್ ಟೈಲ್ಸ್, ಮೊಸಾಯಿಕ್, ಸಿಮೆಂಟಿನ ಕಾವಿ ನೆಲ ಇವೆಲ್ಲ ಮಧ್ಯದಲ್ಲಿ ಬರುತ್ತವಾದರೂ ಗ್ರಾನೈಟಿನ ಪಕ್ಕಕ್ಕೇ ಸೇರಿದವು.

ಮೂರು ಡಿಗ್ರಿಯ ವ್ಯತ್ಯಾಸ ಅಷ್ಟೇನೂ ಅಲ್ಲ ಅನ್ನಿಸಬಹುದು. ಆದರೆ ಚರ್ಮದ ನರಗಳ ತುದಿಯಲ್ಲಿ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಇದೆ. ಉಷ್ಣತೆ 26 ಡಿಗ್ರಿಯ ಆಸುಪಾಸಿಗಿಂತ ಕೆಳಗಿಳಿದರೆ ಅದು ಬಾಗಿಲು ತೆರೆದು ‘ತಣ್ಣಗಿದೆ’ ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಪುದೀನದ ಮೆಂಥಾಲ್ ನಾಲಿಗೆಗೆ ತಂಪೆನಿಸುವುದೂ ಇದೇ ಪ್ರೋಟೀನಿನ ದೆಸೆಯಿಂದ. ಇದನ್ನು ಬೇರೆ ಬೇರೆಯಾಗಿಯೇ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ, ಉಷ್ಣತೆ ಮತ್ತು ಸ್ಪರ್ಶವನ್ನು ಗ್ರಹಿಸುವ ಬಗೆಯ ಸಂಶೋಧನೆಗಾಗಿ 2021ರ ವೈದ್ಯಕೀಯ ನೊಬೆಲ್ ಸಂದಿತು. ಗ್ರಾನೈಟ್ ಆ ಬಾಗಿಲನ್ನು ತೆರೆಸುತ್ತದೆ, ಮರ ತೆರೆಸುವುದಿಲ್ಲ.

ಕಲಬುರಗಿಯಲ್ಲಿ ಏಪ್ರಿಲ್ ಮಧ್ಯಾಹ್ನ ಇದೇ ಗುಣ ವರವಾಗುತ್ತದೆ. ಅಲ್ಲಿನ ಮನೆಗಳ ಫರಸಿ ನೆಲ, ಅಂದರೆ ಶಹಾಬಾದ್ ಕಲ್ಲಿನದು, ಕಾಲಿನ ಶಾಖ ಹೀರಿ ಕೆಳಗಿನ ಭೂಮಿಗೆ ದಾಟಿಸುತ್ತದೆ. ಕೆಲವು ಮೀಟರ್ ಆಳದ ಮಣ್ಣು ವರ್ಷವಿಡೀ ಆ ಊರಿನ ಸರಾಸರಿ ಉಷ್ಣತೆಯ ಹತ್ತಿರವೇ ಇರುವುದರಿಂದ ನೆಲಮಹಡಿ ಬೇಸಿಗೆಯಲ್ಲೂ ತಂಪು. ಮೂರನೇ ಮಹಡಿಯ ಫ್ಲಾಟಿನಲ್ಲಿ ಅದೇ ಕಲ್ಲು ಹಾಸಿ ಆ ತಂಪು ಬರಲಿಲ್ಲವೆಂದು ಕೊರಗಿದರೆ ತಪ್ಪು ಕಲ್ಲಿನದಲ್ಲ. ಅಲ್ಲಿ ಅದರ ಕೆಳಗಿರುವುದು ಭೂಮಿಯಲ್ಲ, ಕೆಳಮನೆಯವರ ತಾರಸಿ.

‘ಟೈಲ್ಸ್ ಹಾಕಿಸಿದ ಮೇಲೆ ಮಂಡಿನೋವು ಶುರುವಾಯ್ತು, ಹಿಂದಿನ ಕಾವಿ ನೆಲ ಎಷ್ಟು ಮೆತ್ತಗಿತ್ತು’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನೋವು ಅವರದು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಮೆತ್ತನೆಯ ವಿಷಯದಲ್ಲಿ ನೆನಪು ಮೋಸ ಮಾಡಿದೆ. ಹಿಮ್ಮಡಿಯ ಕೊಬ್ಬಿನ ಪದರಕ್ಕೆ ಹೋಲಿಸಿದರೆ ಸಿಮೆಂಟು, ಟೈಲ್ಸು, ಗ್ರಾನೈಟು ಮೂರೂ ಎಷ್ಟೋ ಪಟ್ಟು ಗಡುಸು. ಅವುಗಳ ನಡುವಿನ ವ್ಯತ್ಯಾಸ ಕಾಲಿಗೆ ಗೊತ್ತಾಗುವಂಥದ್ದಲ್ಲ.

ಇನ್ನು ನೀರು. ಈ ವಿಚಾರದಲ್ಲಿ ನಾನು ಸ್ವಲ್ಪ ಗಟ್ಟಿ ದನಿಯಲ್ಲೇ ಮಾತಾಡುತ್ತೇನೆ. ‘ಮಿರರ್ ಪಾಲಿಶ್’ ಟೈಲ್ಸು ಒಣಗಿದ್ದಾಗ ಜಾರುವುದಿಲ್ಲ. ಬರಿಗಾಲಿಗೆ ಅದು ಒಳ್ಳೆಯ ಹಿಡಿತವನ್ನೇ ಕೊಡುತ್ತದೆ. ಒಂದು ಲೋಟ ನೀರು ಚೆಲ್ಲಿತೆಂದರೆ ಕತೆ ಬೇರೆ. ಹಿಮ್ಮಡಿ ಇಳಿಯುವಾಗ ಅದರ ಕೆಳಗಿನ ನೀರು ಪಕ್ಕಕ್ಕೆ ಸರಿದು ಜಾಗ ಬಿಡಬೇಕು. ಸರಿಯಲು ಸಿಗುವುದು ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ನೆಲ ನುಣುಪಾಗಿದ್ದರೆ ನೀರು ತೆಳುಪೊರೆಯಾಗಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಕಾಲು ನೆಲವನ್ನು ಮುಟ್ಟುವುದೇ ಇಲ್ಲ, ನೀರಿನ ಮೇಲೆ ತೇಲಿ ಹೋಗುತ್ತದೆ. ಯಂತ್ರಗಳ ಬೇರಿಂಗಿನಲ್ಲಿ ಎಣ್ಣೆ ಮಾಡುವ ಕೆಲಸವೂ ಇದೇ.

ಈ ಪೊರೆಯನ್ನು ಒಡೆಯಲು ದೊಡ್ಡ ಉಬ್ಬುತಗ್ಗುಗಳೇನೂ ಬೇಕಿಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸುಮಾರು 20 ಮೈಕ್ರಾನಿನಷ್ಟು ಒರಟುತನವಿದ್ದರೆ ಶುದ್ಧ ನೀರಿನ ಪೊರೆಯನ್ನು ಅದು ತೂರಿ ಮೇಲೆದ್ದು ಅಂಗಾಲನ್ನು ಹಿಡಿಯುತ್ತದೆ. ತಲೆಗೂದಲಿನ ದಪ್ಪದ ಮೂರನೇ ಒಂದು ಭಾಗವೂ ಅಲ್ಲದ ಈ ಒರಟನ್ನು ಕಣ್ಣು ಕಾಣದು. ಬೆರಳು ಸವರಿದರೆ ತಿಳಿಯುತ್ತದೆ. ಎಣ್ಣೆಯೋ ಸೋಪಿನ ನೀರೋ ಆದರೆ ಇಷ್ಟು ಸಾಲದು. ಮ್ಯಾಟ್ ಫಿನಿಶ್‌ನಲ್ಲಿ ಕೊಳೆ ಕೂರುತ್ತದೆ, ಒರೆಸುವುದು ಕಷ್ಟ ಎಂಬ ದೂರು ಸುಳ್ಳಲ್ಲ. ಕಾಲನ್ನು ಹಿಡಿಯುವ ಒರಟೇ ಕೊಳೆಯನ್ನೂ ಹಿಡಿಯುತ್ತದೆ. ಸ್ವಲ್ಪ ಹೆಚ್ಚು ಒರೆಸುವ ಶ್ರಮ ಮತ್ತು ಅಜ್ಜಿಯ ಸೊಂಟದ ಮೂಳೆ, ಇವೆರಡರಲ್ಲಿ ಒಂದನ್ನು ಆರಿಸುವಾಗ ಹೆಚ್ಚು ಯೋಚಿಸಬೇಕಾಗಿಲ್ಲ.

ಅಂಗಡಿಯವರು ಆರ್9, ಆರ್10, ಆರ್11 ಎಂಬ ಗುರುತು ತೋರಿಸಿದರೆ ಅದರ ಹಿನ್ನೆಲೆ ತಿಳಿದಿರಲಿ. ಇದು ಜರ್ಮನಿಯ ಮಾನಕ. ಟೈಲ್ಸ್ ಮೇಲೆ ಎಂಜಿನ್ ಎಣ್ಣೆ ಸುರಿದು, ಬೂಟು ಹಾಕಿದ ಒಬ್ಬರನ್ನು ಅದರ ಮೇಲೆ ನಡೆಸುತ್ತಾ ಹಲಗೆಯನ್ನು ಮೆಲ್ಲಮೆಲ್ಲನೆ ಓರೆ ಮಾಡುತ್ತಾರೆ. 6ರಿಂದ 10 ಡಿಗ್ರಿ ಓರೆಯವರೆಗೆ ನಿಂತರೆ ಆರ್9, 19ರವರೆಗಾದರೆ ಆರ್10, 27ರವರೆಗಾದರೆ ಆರ್11. ಎಣ್ಣೆ ಚೆಲ್ಲಿದ ನೆಲದ ಮೇಲೆ ಬೂಟು ಹಾಕಿಕೊಂಡು ಓಡಾಡುವುದು ಕಾರ್ಖಾನೆಗಳಲ್ಲಿ, ನಮ್ಮ ಹಾಲ್‌ಗಳಲ್ಲಲ್ಲ. ಬರಿಗಾಲು ಮತ್ತು ಸೋಪಿನ ನೀರಿಗೆಂದೇ ಅದೇ ದೇಶದ ಇನ್ನೊಂದು ಪರೀಕ್ಷೆ ಇದೆ. ಅದರ ದರ್ಜೆಗಳು ಎ, ಬಿ, ಸಿ, ಕ್ರಮವಾಗಿ 12, 18, 24 ಡಿಗ್ರಿ. ನಮಗೆ ಹೊಂದುವುದು ಇದು. ಮ್ಯಾಟ್ ಟೈಲ್ಸಿನ ಪೆಟ್ಟಿಗೆಯ ಮೇಲೆ ಆ ದರ್ಜೆ ಇಲ್ಲದಿದ್ದರೆ ಹಾಲ್‌ಗೆ ಆರ್10 ಸಾಕು. ಅಡುಗೆಮನೆ, ಬಚ್ಚಲಿಗೆ ಇನ್ನೂ ಮೇಲಿನದು ಇರಲಿ.

ನೀರು ಚೆಲ್ಲದೆಯೂ ನೆಲ ಒದ್ದೆಯಾಗುವುದುಂಟು. ಕರಾವಳಿಯಲ್ಲಿ ಮಳೆಗಾಲದ ಆರಂಭದಲ್ಲಿ ನೆಲಮಹಡಿಯ ಟೈಲ್ಸು ಬೆವರುತ್ತದೆ. ಗಾಳಿ 30 ಡಿಗ್ರಿ, ಆರ್ದ್ರತೆ ಶೇಕಡ 80 ಇದ್ದರೆ ಅದರಲ್ಲಿನ ಆವಿ 26 ಡಿಗ್ರಿಯಲ್ಲೇ ಇಬ್ಬನಿಯಾಗುತ್ತದೆ. ನೆಲ ಅದಕ್ಕಿಂತ ತಣ್ಣಗಿದ್ದರೆ ಸಾಕು, ಗಾಳಿಯ ನೀರು ಅದರ ಮೇಲೆ ಇಳಿಯುತ್ತದೆ. ಅನೇಕರು ಕೆಳಗಿನಿಂದ ನೀರು ಏರುತ್ತಿದೆಯೆಂದು ಹೆದರಿ ನೆಲ ಅಗೆಸಲು ಹೊರಡುತ್ತಾರೆ. ಅದಕ್ಕೂ ಮೊದಲು ಎರಡಡಿಯ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಮೇಲೆ ಹನಿಯಿದ್ದರೆ ಅದು ಗಾಳಿಯದು, ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಹತೋಟಿಗೆ ಬರುತ್ತದೆ. ಹಾಳೆಯ ಅಡಿಯಲ್ಲಿದ್ದರೆ ಮಾತ್ರ ಮೇಸ್ತ್ರಿಯನ್ನು ಕರೆಯಿರಿ.

ದೂಳಿನ ಶಕ್ತಿಯನ್ನು ನಾವು ತೀರ ಕಡೆಗಣಿಸುತ್ತೇವೆ. ಜರ್ಮನಿಯ ಖನಿಜತಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ಖನಿಜಗಳನ್ನು ಗಡಸುತನದ ಮೇಲೆ 1ರಿಂದ 10ರವರೆಗೆ ಸಾಲಾಗಿ ನಿಲ್ಲಿಸಿದರು. ಮೇಲಿನದು ಕೆಳಗಿನದನ್ನು ಗೀರುತ್ತದೆ. ಬೀದಿಯ ದೂಳಿನಲ್ಲಿ ಧಾರಾಳವಾಗಿರುವ ಮರಳಿನ ಕಣ, ಅಂದರೆ ಕ್ವಾರ್ಟ್ಜ್, ಈ ಸಾಲಿನಲ್ಲಿ 7. ಮಾರ್ಬಲ್ಲಿನ ಕ್ಯಾಲ್ಸೈಟ್ ಬರೀ 3. ತಾಜ್ ಮಹಲಿಗೆ ಕಲ್ಲು ಕೊಟ್ಟ ಮಕ್ರಾನದಿಂದಲೇ ತರಿಸಿದ್ದಾದರೂ ಸರಿ, ಚಪ್ಪಲಿಗೆ ಅಂಟಿ ಬಂದ ಮರಳು ದಿನವೂ ಅದನ್ನು ಉಜ್ಜಿ ಉಜ್ಜಿ ಹೊಳಪು ತಿನ್ನುತ್ತದೆ. ಕ್ವಾರ್ಟ್ಜ್ ಮತ್ತು 6ರ ಗಡಸಿನ ಫೆಲ್ಡ್‌ಸ್ಪಾರ್ ಸೇರಿ ಆದ ಗ್ರಾನೈಟ್ ಈ ಯುದ್ಧದಲ್ಲಿ ಸರಿಸಮನಾಗಿ ನಿಲ್ಲುತ್ತದೆ. ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವ ನಮ್ಮ ರೂಢಿಗೆ ಬೇರೆ ಕಾರಣಗಳು ಏನೇ ಇರಲಿ, ನೆಲದ ಆಯುಸ್ಸಿಗಂತೂ ಅದಕ್ಕಿಂತ ಒಳ್ಳೆಯ ಪಾಲಿಶ್ ಇಲ್ಲ.

ಮಾರ್ಬಲ್ಲಿಗೆ ಇನ್ನೊಂದು ಶತ್ರು ಊಟದ ತಟ್ಟೆಯಲ್ಲಿದೆ. ಮಾರ್ಬಲ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ, ಹುಣಸೆಹುಳಿಯ ಸಾರು, ಹುಳಿಮಜ್ಜಿಗೆ ಯಾವುದು ಬಿದ್ದರೂ ಆಮ್ಲ ಅದನ್ನು ಕರಗಿಸಿ ಕಾರ್ಬನ್ ಡೈಆಕ್ಸೈಡನ್ನು ಹೊರಬಿಡುತ್ತದೆ. ಒರೆಸಿದ ಮೇಲೂ ಉಳಿಯುವ ಮಂಕು ಗುರುತು ಕಲೆಯಲ್ಲ, ಅಷ್ಟು ಕಲ್ಲೇ ಇಲ್ಲವಾಗಿರುವ ಜಾಗ. ಯಾವ ಸೋಪೂ ಅದನ್ನು ತೆಗೆಯಲಾರದು, ಮತ್ತೆ ಪಾಲಿಶ್ ಯಂತ್ರವೇ ಬರಬೇಕು. ಶಹಾಬಾದ್, ಕಡಪ, ಕೋಟ ಕಲ್ಲುಗಳೂ ಸುಣ್ಣದ ಕಲ್ಲುಗಳೇ, ಅವಕ್ಕೂ ಇದೇ ನಿಯಮ. ಶಹಾಬಾದ್, ವಾಡಿಯ ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆಲೆಯೂರಿದ್ದೂ ಈ ಸುಣ್ಣದ ಕಲ್ಲಿಗಾಗಿಯೇ. ಬಚ್ಚಲು ತೊಳೆಯುವ ಆಸಿಡ್ಡನ್ನು ಇವುಗಳ ಹತ್ತಿರ ಸುಳಿಯಗೊಡಬೇಡಿ. ಗ್ರಾನೈಟಿಗೆ ಅಡುಗೆಮನೆಯ ಯಾವ ಹುಳಿಯೂ ತಟ್ಟುವುದಿಲ್ಲ. ಅಂದಹಾಗೆ ಚಾಮರಾಜನಗರದ ಹೆಸರಾಂತ ‘ಕಪ್ಪು ಗ್ರಾನೈಟ್’ ಭೂವಿಜ್ಞಾನಿಯ ಲೆಕ್ಕದಲ್ಲಿ ಗ್ರಾನೈಟೇ ಅಲ್ಲ, ಡಾಲರೈಟ್. ಇಳಕಲ್ಲಿನ ಕೆಂಪು ಶಿಲೆ ಮಾತ್ರ ಹೆಸರಿಗೆ ತಕ್ಕ ಗ್ರಾನೈಟ್. ಹಾಸಲು ಎರಡೂ ಒಳ್ಳೆಯವೇ. ಹೊಳಪು ಕೊಡಿಸದೆ ‘ಲೆದರ್ ಫಿನಿಶ್’ ಮಾಡಿಸಿದರೆ ಜಾರುವ ಭಯವೂ ಕಡಿಮೆ.

ಈಗ ಬಹುಪಾಲು ಮನೆಗಳು ಆರಿಸುವ ವಿಟ್ರಿಫೈಡ್ ಟೈಲ್ಸಿಗೆ ಬರೋಣ. ನಮ್ಮ ಅಂಗಡಿಗಳಿಗೆ ಬರುವ ಟೈಲ್ಸಿನ ಬಹುಭಾಗ ಗುಜರಾತಿನ ಮೋರ್ಬಿಯದು. ಜೇಡಿ, ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್ ಪುಡಿಯನ್ನು ಭಾರಿ ಒತ್ತಡದಲ್ಲಿ ಒತ್ತಿ ಸುಮಾರು 1,200 ಡಿಗ್ರಿಯಲ್ಲಿ ಸುಡುತ್ತಾರೆ. ಆ ಕಾವಿಗೆ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ಕಣಗಳ ನಡುವಿನ ಸಂದುಗಳನ್ನು ತುಂಬಿಬಿಡುತ್ತದೆ. ಆದ್ದರಿಂದ ಇದು ಹೀರುವ ನೀರು ತನ್ನ ತೂಕದ ಶೇಕಡ 0.5ಕ್ಕಿಂತ ಕಡಿಮೆ, ಗೋಡೆಗೆ ಹಾಕುವ ಸಾಧಾರಣ ಸೆರಾಮಿಕ್ ಟೈಲ್ಸ್ ಶೇಕಡ 10ಕ್ಕೂ ಮಿಕ್ಕಿ ಹೀರುತ್ತದೆ. ಹಿಂಬದಿಗೆ ಒಂದು ಹನಿ ನೀರು ಬಿಟ್ಟು ನೋಡಿದರೆ ಯಾವುದು ಯಾವುದೆಂದು ಅಂಗಡಿಯಲ್ಲೇ ಗೊತ್ತಾಗುತ್ತದೆ. ಕುಂಕುಮ, ಅರಿಸಿನ, ದೀಪದ ಎಣ್ಣೆ ಇದರೊಳಗೆ ಇಳಿಯುವುದಿಲ್ಲ. ಆದರೆ ಮೇಲ್ಮೈಯನ್ನು ಉಜ್ಜಿ ಹೊಳಪು ಕೊಟ್ಟಾಗ ಒಳಗೆ ಮುಚ್ಚಿಕೊಂಡಿದ್ದ ಸಣ್ಣ ಗುಳ್ಳೆಗಳ ಬಾಯಿ ತೆರೆಯುತ್ತದೆ. ಅದನ್ನು ಮುಚ್ಚಲು ಬಳಿಯುವ ಲೇಪ ವರ್ಷಗಳು ಕಳೆದಂತೆ ಸವೆಯುತ್ತದೆ. ಹೊಳಪಿನ ಮೇಲೆ ನನಗಿರುವ ತಕರಾರಿಗೆ ಇದು ಎರಡನೆಯ ಕಾರಣ.

ಕಲೆಯನ್ನು ಒಳಬಿಡದ ಈ ಗುಣವೇ ಟೈಲ್ಸ್ ಹಾಸುವಾಗ ತೊಡಕಾಗುತ್ತದೆ. ಹಿಂಬದಿಯಲ್ಲಿ ರಂಧ್ರಗಳಿಲ್ಲವೆಂದ ಮೇಲೆ ಸಿಮೆಂಟಿನ ಹಾಲು ಒಳಗಿಳಿದು ಬೇರು ಬಿಡುವುದೆಲ್ಲಿ? ಮೊಸಾಯಿಕ್ಕಿಗೆ, ಕಲ್ಲಿಗೆ ಸಿಮೆಂಟ್ ಹಾಕಿ ಪಳಗಿದ ಕೈಗಳು ಅದೇ ರೀತಿಯಲ್ಲಿ ವಿಟ್ರಿಫೈಡನ್ನೂ ಕೂರಿಸಿಬಿಡುತ್ತವೆ. ಕೆಲವರು ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆ ಇಟ್ಟು ಒತ್ತಿ ಮುಗಿಸುತ್ತಾರೆ. ಮೇಲಾಗಿ ‘ಜಾಯಿಂಟೇ ಕಾಣಬಾರದು’ ಎಂದು ಮನೆಯೊಡೆಯರ ಒತ್ತಾಯ. ಎರಡು ಮೂರು ವರ್ಷ ಏನೂ ಆಗುವುದಿಲ್ಲ. ಆಮೇಲೊಂದು ದಿನ ಹಾಲ್‌ನ ನಟ್ಟನಡುವೆ ಢಂ ಎಂದು ಸದ್ದಾಗಿ ಎರಡು ಸಾಲು ಟೈಲ್ಸು ಗುಡಾರದ ಹಾಗೆ ಎದ್ದು ನಿಲ್ಲುತ್ತದೆ. ಭೂಕಂಪವೆಂದು ಹೊರಗೆ ಓಡಿದವರಿದ್ದಾರೆ, ವಾಸ್ತುವಿನವರನ್ನು ಕರೆಸಿದವರೂ ಇದ್ದಾರೆ.

ಆದದ್ದು ಇಷ್ಟು. ಕಾಂಕ್ರೀಟ್ ತಾರಸಿ ಒಣಗುತ್ತಾ ತಿಂಗಳು, ವರ್ಷಗಳ ಕಾಲ ಕುಗ್ಗುತ್ತದೆ. ಶೇಕಡ 0.04ರಷ್ಟು ಕುಗ್ಗಿದರೂ ಐದು ಮೀಟರ್ ಉದ್ದದ ಹಾಲ್‌ಗೆ ಅದು 2 ಮಿಲಿಮೀಟರ್. ಸುಟ್ಟು ಗಾಜಾಗಿರುವ ಟೈಲ್ಸು ಕುಗ್ಗುವುದಿಲ್ಲ. ಬಿಸಿ, ತಂಪಿಗೂ ಎರಡೂ ಒಂದೇ ತಾಳದಲ್ಲಿ ಹಿಗ್ಗವು. ಹತ್ತು ಡಿಗ್ರಿಯ ಏರಿಳಿತಕ್ಕೆ ಐದು ಮೀಟರ್ ಕಾಂಕ್ರೀಟು ಅರ್ಧ ಮಿಲಿಮೀಟರ್ ಬದಲಾದರೆ ಟೈಲ್ಸಿನ ಸಾಲು ಅದರ ಮೂರನೇ ಎರಡು ಭಾಗದಷ್ಟೇ. ಗೋಡೆಯಿಂದ ಗೋಡೆಗೆ ಒತ್ತಾಗಿ ಕೂತ ಸಾಲಿನ ಮೇಲೆ ಈ ಒತ್ತಡವೆಲ್ಲ ಸೇರುತ್ತದೆ. ಒಂದು ಪೋಸ್ಟ್‌ಕಾರ್ಡನ್ನು ಎರಡೂ ತುದಿಯಿಂದ ಒತ್ತಿ ನೋಡಿ, ಅದು ನಡುವೆ ಡೊಂಕಾಗಿ ಮೇಲೇಳುತ್ತದೆ. ಅಂಟು ಗಟ್ಟಿಯಿಲ್ಲದ ಕಡೆ ಟೈಲ್ಸಿನ ಸಾಲು ಮಾಡುವುದೂ ಅದನ್ನೇ.

ಪರಿಹಾರ ದುಬಾರಿಯೇನಲ್ಲ. ತಾರಸಿ ಚೆನ್ನಾಗಿ ಒಣಗಲಿ, ಗೃಹಪ್ರವೇಶದ ಮುಹೂರ್ತಕ್ಕೆ ಓಡಬೇಡಿ. ಸಿಮೆಂಟಿನ ಬದಲು ಪಾಲಿಮರ್ ಬೆರೆತ ಟೈಲ್ ಅಂಟನ್ನು ಹಲ್ಲಿನ ಕರಣೆಯಿಂದ ಇಡೀ ಹಿಂಬದಿಗೆ ತಾಗುವಂತೆ ಹಚ್ಚಿಸಿ. ಎರಡು ಟೈಲ್ಸಿನ ನಡುವೆ ಸ್ಪೇಸರ್ ಇಟ್ಟು 2-3 ಮಿಲಿಮೀಟರ್ ಜಾಗ ಬಿಡಿಸಿ. ಗೋಡೆಯ ಬುಡದಲ್ಲಿ 5-6 ಮಿಲಿಮೀಟರ್ ಸಂದು ಖಾಲಿ ಇರಲಿ, ಅದನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ಕೂಲಿಯ ಕೊನೆಯ ಕಂತು ಕೊಡುವ ಮೊದಲು ಒಂದು ನಾಣ್ಯ ಹಿಡಿದು ಎಲ್ಲ ಟೈಲ್ಸನ್ನೂ ತಟ್ಟಿಕೊಂಡು ಹೋಗಿ. ಟೊಳ್ಳು ಸದ್ದು ಬಂದದ್ದನ್ನು ಕೀಳಿಸಿ ಮತ್ತೆ ಹಾಕಿಸಿ. ಮೇಸ್ತ್ರಿ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮರದಂತೆ ಕಾಣುವ ಲ್ಯಾಮಿನೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಒಡಲು ಒತ್ತಿ ಅಂಟಿಸಿದ ಮರದ ನಾರು, ಮೇಲೆ ಮರದ ಚಿತ್ರ. ದಿನಾ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ಮನೆಯಲ್ಲಿ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ಮಲೆನಾಡು, ಕರಾವಳಿಯಲ್ಲಂತೂ ಬೇಡವೇ ಬೇಡ. ಮರವೇ ಬೇಕೆಂದರೆ ನಿಜವಾದ ಹಲಗೆ, ಅದೂ ಮಲಗುವ ಕೋಣೆಗೆ.

ಕಾವಿ ನೆಲದ ಮೇಲೆ ನನಗೆ ಪಕ್ಷಪಾತವಿದೆ. ಅದರ ಬಣ್ಣ ಐರನ್ ಆಕ್ಸೈಡ್, ಬಳ್ಳಾರಿ ಸೀಮೆಯ ಅದಿರಿನಲ್ಲಿ ಇರುವಂಥದ್ದೇ. ಆಕ್ಸಿಜನ್ನಿನೊಡನೆ ಆಗಬೇಕಾದ ಸಂಯೋಗವೆಲ್ಲ ಮೊದಲೇ ಮುಗಿದಿರುವುದರಿಂದ ಬಿಸಿಲಿಗೆ ಮಾಸುವುದಿಲ್ಲ. ಜಾಯಿಂಟ್ ಇಲ್ಲ, ಕೊಳೆ ಕೂರುವ ಗೆರೆಯಿಲ್ಲ, ಕಾಲಾಡಿದಷ್ಟೂ ನುಣುಪು. ಆದರೆ ಸಿಮೆಂಟು ಒಣಗುವಾಗ ಕುಗ್ಗಿಯೇ ಕುಗ್ಗುತ್ತದೆ, ಬಿರುಕು ಅದರ ಹುಟ್ಟುಗುಣ. ಹಳೆಯ ಕೆಲಸಗಾರರು ನೆಲವನ್ನು ಭಾಗಗಳಾಗಿ ಒಡೆದು, ಕರಣೆಯಿಂದ ಗಂಟೆಗಟ್ಟಲೆ ತೀಡಿ, ದಿನಗಟ್ಟಲೆ ನೀರು ನಿಲ್ಲಿಸಿ ಅದನ್ನು ಹದ್ದುಬಸ್ತಿನಲ್ಲಿಡುತ್ತಿದ್ದರು. ಅಂಥ ಕೈ ಸಿಕ್ಕಿದರೆ ಮಾತ್ರ ಮಾಡಿಸಿ. ಅವರು ಹಿಂದೆ ಮಾಡಿದ, ಕನಿಷ್ಠ ಐದು ವರ್ಷ ಹಳೆಯ ನೆಲವೊಂದನ್ನು ಹೋಗಿ ನೋಡಿ ಬನ್ನಿ.

ಕೊನೆಗೆ ಕಿವಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1895ರಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಭವನವೊಂದರಲ್ಲಿ ಮಾತು ಕಲಸಿಹೋಗಿ ಏನೂ ಕೇಳಿಸುತ್ತಿರಲಿಲ್ಲ. ಸರಿಪಡಿಸುವ ಹೊಣೆ ಹೊತ್ತ ಯುವ ಭೌತವಿಜ್ಞಾನಿ ವಾಲೇಸ್ ಸಬೀನ್, ಪಕ್ಕದ ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಒಂದೊಂದಾಗಿ ಇಡುತ್ತಾ, ಸದ್ದು ಅಡಗಲು ಹಿಡಿಯುವ ಸಮಯವನ್ನು ಅಳೆದರು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಸದ್ದು ಉಳಿಯುತ್ತದೆ, ಹೀರುವ ಮೇಲ್ಮೈ ಹೆಚ್ಚಿದಷ್ಟೂ ಅಳಿಯುತ್ತದೆ ಎಂಬ ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಕಲ್ಲು, ಟೈಲ್ಸು ತನ್ನ ಮೇಲೆ ಬಿದ್ದ ಸದ್ದಿನ ಶೇಕಡ ಒಂದೆರಡನ್ನು ಮಾತ್ರ ಹೀರುತ್ತದೆ. ಹೊಸ ಮನೆಯ ಹಾಲ್‌ನಲ್ಲಿ ಟಿವಿಯ ಮಾತು ತಿಳಿಯದೆ ವಾಲ್ಯೂಮ್ ಏರಿಸುವುದು ಈ ಕಾರಣಕ್ಕೆ. ನೆಲ ಬದಲಿಸಬೇಕಿಲ್ಲ, ನವಲಗುಂದದ ಒಂದು ದೊಡ್ಡ ಜಮಖಾನ ಹಾಸಿ. ಡಿಸೆಂಬರಿನ ಕೊರೆತಕ್ಕೂ ಅದೇ ಮದ್ದು, ಫ್ಲಾಟಿನ ಕೆಳಮನೆಯವರಿಗೂ ನೆಮ್ಮದಿ.

ಅಂಗಡಿಗೆ ಹೋಗುವಾಗ ಒಂದು ಬಾಟಲಿ ನೀರು ಒಯ್ಯಿರಿ. ಮೆಚ್ಚಿದ ಟೈಲ್ಸನ್ನು ಕೆಳಗೆ ಹಾಸಲು ಹೇಳಿ, ನೀರು ಚಿಮುಕಿಸಿ, ಪಕ್ಕದಲ್ಲಿ ಒಬ್ಬರ ಕೈ ಹಿಡಿದುಕೊಂಡು ಬರಿಗಾಲಲ್ಲಿ ಹತ್ತಿ ನಿಲ್ಲಿ. ಕಲ್ಲಾದರೆ ಒಂದು ತುಂಡು ಕೇಳಿ ಮನೆಗೆ ತಂದು ನಿಂಬೆಹೋಳು ಇಟ್ಟು ರಾತ್ರಿ ಬಿಡಿ. ಕೊಳ್ಳುವಾಗ ಎಲ್ಲ ಪೆಟ್ಟಿಗೆಗಳ ಮೇಲೂ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ನೋಡಿಕೊಳ್ಳಿ, ಏಕೆಂದರೆ ಗೂಡಿನ ಕಾವು ಸ್ವಲ್ಪ ಬದಲಾದರೂ ಬಣ್ಣ ಬದಲಾಗುತ್ತದೆ. ಬೇಕಾದ್ದಕ್ಕಿಂತ ಎರಡು ಪೆಟ್ಟಿಗೆ ಹೆಚ್ಚು ತಂದು ಅಟ್ಟದ ಮೇಲಿಡಿ. ಹತ್ತು ವರ್ಷದ ಮೇಲೆ ಒಂದು ಟೈಲ್ಸ್ ಒಡೆದರೆ, ಅದೇ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.